‘ಮಳಿ ಬರ್ತದಂದ್ರ’: ಇಂಗ್ಲಿಷ್ ಷರತ್ತಿನ ಉಪವಾಕ್ಯದ ಭವಿಷ್ಯದ್ರೂಪ ಮತ್ತು ಮಾತೃಭಾಷಾ ಪ್ರಭಾವದ ವಾದ – ಒಂದು ವಿಮರ್ಶೆ

ಸಾರಾಂಶ

ಇಂಗ್ಲಿಷಿನ ‘ಇಫ್’ ಉಪವಾಕ್ಯದಲ್ಲಿ ‘ವಿಲ್’ ಬಾರದು ಎಂಬ ಪಾಠಶಾಲೆಯ ನಿಯಮವನ್ನೂ, ಆ ನಿಯಮವನ್ನು ಮೀರುವ ಕನ್ನಡಿಗ ಕಲಿಕಾರ್ಥಿಯ ವಾಕ್ಯಕ್ಕೆ ಕನ್ನಡವೇ ಕಾರಣ ಎಂಬ ವಿವರಣೆಯನ್ನೂ ಈ ಲೇಖನದಲ್ಲಿ ಪರಿಶೀಲಿಸಿದ್ದೇವೆ. ಹಾವೇರಿ ಜಿಲ್ಲೆಯ ಮೋಟೆಬೆನ್ನೂರು, ಬ್ಯಾಡಗಿ, ರಾಣೆಬೆನ್ನೂರು ಭಾಗದ ಆಡುಮಾತಿನ ಷರತ್ತಿನ ರೂಪಗಳನ್ನು ಆಧಾರವಾಗಿಟ್ಟುಕೊಂಡು ಮೂರು ಸಂಗತಿಗಳನ್ನು ಮಂಡಿಸುತ್ತೇವೆ. ಒಂದು, ಕನ್ನಡದ ಸಾಮಾನ್ಯ ಷರತ್ತು ಭೂತರೂಪವನ್ನು ಆಶ್ರಯಿಸುವುದರಿಂದ ಮಾತೃಭಾಷಾ ಪ್ರಭಾವದ ವಾದ ನಿಲ್ಲುವುದಿಲ್ಲ. ಎರಡು, ಕನ್ನಡವು ಭೂತೇತರ ರೂಪವನ್ನು ಷರತ್ತಿನೊಳಗೆ ಬಳಸುವ ಸಂದರ್ಭಗಳಲ್ಲಿಯೇ ಇಂಗ್ಲಿಷ್ ಕೂಡ ‘ವಿಲ್’ಗೆ ಎಡೆಮಾಡಿಕೊಡುತ್ತದೆ. ಮೂರು, ‘ವಿಲ್’ ಕುರಿತ ಕಾಲಕ್ರಮದ ಮತ್ತು ವಾಕ್ಯರಚನೆಯ ಸಿದ್ಧಾಂತಗಳಿಗೆ ಕನ್ನಡದ ಈ ಸಾಮಗ್ರಿ ಪ್ರತಿಸಾಕ್ಷ್ಯ ಒದಗಿಸುತ್ತದೆ.

ಕೀಲಿಪದಗಳು: ಷರತ್ತಿನ ಉಪವಾಕ್ಯ, ಪಕ್ಷಾರ್ಥಕ, ಭೂತ ಮತ್ತು ಭೂತೇತರ, ದೋಷವಿಶ್ಲೇಷಣೆ, ಧಾರವಾಡ ಕನ್ನಡ

೧. ಪ್ರವೇಶ

ಇಂಗ್ಲಿಷ್ ಬೋಧನೆಯಲ್ಲಿ ಕೆಲವು ನಿಯಮಗಳು ಪ್ರಶ್ನೆಗೆ ಒಳಗಾಗದೆ ತಲೆಮಾರುಗಳನ್ನು ದಾಟಿ ಬಂದಿವೆ. ‘ಇಫ್’ ಇದ್ದ ಉಪವಾಕ್ಯದಲ್ಲಿ ‘ವಿಲ್’ ಬರಕೂಡದು ಎಂಬುದು ಅವುಗಳಲ್ಲೊಂದು. ಭಾರತದ ಶಾಲೆಗಳಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ರೆನ್ ಮತ್ತು ಮಾರ್ಟಿನ್ ಅವರ ವ್ಯಾಕರಣವು ಕಾಲವಾಚಕ ಮತ್ತು ಷರತ್ತಿನ ಉಪವಾಕ್ಯಗಳಲ್ಲಿ ಸರಳ ಭವಿಷ್ಯತ್ತಿನ ಬದಲಿಗೆ ಸರಳ ವರ್ತಮಾನ ಬರುತ್ತದೆಂದು ಹೇಳುತ್ತದೆ. ಹೇಳಿಕೆಯಾಗಿ ಇದು ಬಹುಪಾಲು ವಾಕ್ಯಗಳಿಗೆ ಹೊಂದುತ್ತದೆ. ಆದರೆ ತರಗತಿಯನ್ನು ತಲುಪುವ ವೇಳೆಗೆ ಅದು ನಿಷೇಧವಾಗಿ ಗಟ್ಟಿಗೊಂಡಿರುತ್ತದೆ. ‘ಇಫ್’ ಮತ್ತು ‘ವಿಲ್’ ಒಂದೇ ಉಪವಾಕ್ಯದಲ್ಲಿ ಕಂಡೊಡನೆ ಕೆಂಪುಗೆರೆ ಬೀಳುತ್ತದೆ.

ಈ ನಿಷೇಧದ ಬೆನ್ನಿಗೆ ಒಂದು ವಿವರಣೆಯೂ ಅಂಟಿಕೊಂಡಿದೆ. ವಿದ್ಯಾರ್ಥಿಯು ಕನ್ನಡದಲ್ಲಿ ಯೋಚಿಸಿ ಇಂಗ್ಲಿಷಿನಲ್ಲಿ ಬರೆಯುತ್ತಾನೆ, ಆದ್ದರಿಂದಲೇ ‘ವಿಲ್’ ಸೇರಿಸುತ್ತಾನೆ ಎನ್ನುವುದು ಅದು. ಮೊದಲನೆಯದು ಇಂಗ್ಲಿಷನ್ನು ಕುರಿತ ಹೇಳಿಕೆ. ಎರಡನೆಯದು ಕನ್ನಡವನ್ನು ಕುರಿತದ್ದು. ಎರಡನೆಯದನ್ನು ಹೇಳುವವರು ಕನ್ನಡದ ಷರತ್ತಿನ ವಾಕ್ಯವನ್ನು ಒಮ್ಮೆ ಬಿಡಿಸಿ ನೋಡಿದ್ದರೆ ಆ ಮಾತು ಹುಟ್ಟುತ್ತಲೇ ಇರಲಿಲ್ಲ ಎಂಬುದು ನಮ್ಮ ವಾದ. ಒಂದು ಭಾಷೆಯನ್ನು ದೋಷದ ಮೂಲವೆಂದು ಹೆಸರಿಸುವುದು ಪ್ರಮಾಣ ಬೇಡುವ ಹೇಳಿಕೆ. ಕನ್ನಡ ಮಾಧ್ಯಮದಿಂದ ಬಂದ ವಿದ್ಯಾರ್ಥಿಗೆ ಆತನ ನುಡಿಯೇ ಅಡ್ಡಿ ಎಂದು ಹೇಳುವಾಗ ಆ ಪ್ರಮಾಣದ ಹೊಣೆ ಇನ್ನಷ್ಟು ಹೆಚ್ಚುತ್ತದೆ.

ಇಲ್ಲಿನ ಕನ್ನಡ ಉದಾಹರಣೆಗಳು ಪುಣೆ–ಬೆಂಗಳೂರು ಹೆದ್ದಾರಿಯ ಮೇಲೆ ಹಾವೇರಿಗೂ ರಾಣೆಬೆನ್ನೂರಿಗೂ ನಡುವೆ ಇರುವ ಮೋಟೆಬೆನ್ನೂರು ಮತ್ತು ಅದರ ಸುತ್ತಲಿನ ಆಡುಮಾತಿನ ರೂಪಗಳನ್ನು ಅನುಸರಿಸಿ ನಾವು ರಚಿಸಿದವು. ೧೯೯೭ರವರೆಗೆ ಧಾರವಾಡ ಜಿಲ್ಲೆಗೆ ಸೇರಿದ್ದ ಈ ಸೀಮೆಯ ಮಾತು ಉಪಭಾಷಾ ವಿಂಗಡಣೆಯಲ್ಲಿ ಧಾರವಾಡ ಕನ್ನಡದ ವ್ಯಾಪ್ತಿಗೆ ಬರುತ್ತದೆ. ಬ್ಯಾಡಗಿಯ ಮೆಣಸಿನಕಾಯಿ ಬಿಸಿಲಿನಲ್ಲಿ ಒಣಗಬೇಕಾದ ಬೆಳೆ. ಕಣದಲ್ಲಿ ಹರವಿದ ಕಾಯಿಗೂ ಬರಲಿರುವ ಮಳೆಗೂ ಇರುವ ಸಂಬಂಧವನ್ನು ಇಲ್ಲಿಯ ಜನ ದಿನನಿತ್ಯ ಷರತ್ತಿನ ವಾಕ್ಯಗಳಲ್ಲಿಯೇ ಆಡುತ್ತಾರೆ; ಉದಾಹರಣೆಗಳನ್ನು ಆ ಸಂದರ್ಭದಿಂದಲೇ ಆಯ್ದುಕೊಂಡಿದ್ದೇವೆ. ಇಂಗ್ಲಿಷ್ ವಾಕ್ಯಗಳನ್ನು ಕನ್ನಡ ಲಿಪಿಯಲ್ಲಿ ಕೊಟ್ಟಿದ್ದೇವೆ. ಅಸಾಧು ವಾಕ್ಯಕ್ಕೆ * ಗುರುತನ್ನು, ಸಾಧುವಾಗಿದ್ದೂ ಸಂದರ್ಭಕ್ಕೆ ಹೊಂದದ ವಾಕ್ಯಕ್ಕೆ # ಗುರುತನ್ನು ಬಳಸಿದ್ದೇವೆ.

೨. ನಿಯಮ ಮತ್ತು ಅದರ ಮಿತಿ

ಮೊದಲು ಇಂಗ್ಲಿಷಿನ ಸ್ಥಿತಿಯನ್ನು ಗಮನಿಸೋಣ.

(೧) ಇಫ್ ಇಟ್ ರೇನ್ಸ್, ದ ಚಿಲ್ಲೀಸ್ ವಿಲ್ ಬಿ ಸ್ಪಾಯ್ಲ್ಡ್.
(೨) * ಇಫ್ ಇಟ್ ವಿಲ್ ರೇನ್, ದ ಚಿಲ್ಲೀಸ್ ವಿಲ್ ಬಿ ಸ್ಪಾಯ್ಲ್ಡ್.
(೩) ಇಫ್ ಯು ವಿಲ್ ಹೆಲ್ಪ್ ಅಸ್, ವಿ ವಿಲ್ ಫಿನಿಶ್ ಟುಡೇ.
(೪) ಇಫ್ ಇಟ್ ವಿಲ್ ಸೇವ್ ದ ಕ್ರಾಪ್, ವಿ ವಿಲ್ ಕವರ್ ಇಟ್ ನೌ.

(೨)ನ್ನು ಎಲ್ಲರೂ ತಳ್ಳಿಹಾಕುತ್ತಾರೆ. (೩)ರಲ್ಲಿ ‘ವಿಲ್’ ಒಪ್ಪಿಗೆಯನ್ನು, ಮನಸ್ಸನ್ನು ಸೂಚಿಸುತ್ತದೆ. ಇದನ್ನು ಬೋಧನಾ ವ್ಯಾಕರಣಗಳೂ ಅಪವಾದವೆಂದು ಒಪ್ಪುತ್ತವೆ. ತೊಡಕಿರುವುದು (೪)ರಲ್ಲಿ. ಇಲ್ಲಿ ಕರ್ತೃ ಜಡ. ಒಪ್ಪುವ, ಒಲ್ಲೆನ್ನುವ ಮಾತೇ ಇಲ್ಲ. ‘ವಿಲ್’ ಶುದ್ಧ ಭವಿಷ್ಯತ್ತನ್ನು ಸೂಚಿಸುತ್ತದೆ, ಆದರೂ ವಾಕ್ಯ ಸಾಧು. ‘ಇಫ್’ ಬಂದಲ್ಲಿ ಭವಿಷ್ಯದ್ರೂಪ ಬಾರದು ಎಂಬ ನಿಯಮವಾಗಲಿ, ಒಪ್ಪಿಗೆಯ ಅರ್ಥವೊಂದೇ ಅದಕ್ಕೆ ಅಪವಾದ ಎಂಬ ತಿದ್ದುಪಡಿಯಾಗಲಿ (೪)ನ್ನು ವಿವರಿಸಲಾರವು.

ಭಾಷಾವಿಜ್ಞಾನಿಗಳು ಈ ಸಮಸ್ಯೆಯನ್ನು ಕಡೆಗಣಿಸಿಲ್ಲ. ಕ್ಲೋಸ್ (೧೯೮೦) ಇದನ್ನೇ ಪ್ರತ್ಯೇಕ ಲೇಖನದ ವಸುವಾಗಿಸಿದರು. ಕಾಮ್ರಿ (೧೯೮೨) ಷರತ್ತಿನ ಉಪವಾಕ್ಯದ ಭವಿಷ್ಯತ್ ಸೂಚನೆಯನ್ನು ಘಟನೆಗಳ ಕಾಲಕ್ರಮದೊಂದಿಗೆ ಜೋಡಿಸಿದರು. ಹೇಗಮನ್ ಮತ್ತು ವೆಕರ್ (೧೯೮೪) ಅದನ್ನು ವಾಕ್ಯರಚನೆಯ ವ್ಯತ್ಯಾಸವಾಗಿ ಕಂಡರು. ನ್ಯೂವಿಂಟ್ (೧೯೮೬) ಈ ಚರ್ಚೆಯನ್ನು ಮುಂದುವರಿಸಿದರು. ಡ್ಯಾನ್ಸಿಜಿಯರ್ (೧೯೯೮) ಭವಿಷ್ಯನುಡಿಯುವ ಷರತ್ತು ಮತ್ತು ಹಾಗಲ್ಲದ ಷರತ್ತು ಎಂಬ ವಿಂಗಡಣೆಯನ್ನು ವಿಸ್ತರಿಸಿದರು. ಇಷ್ಟೆಲ್ಲ ನಡೆದ ಮೇಲೂ ನಮ್ಮ ತರಗತಿಯ ನಿಯಮ ಇದ್ದಲ್ಲಿಯೇ ಇದೆ. ಮತ್ತೊಂದೆಡೆ, ಈ ಚರ್ಚೆ ಬಹುಮಟ್ಟಿಗೆ ಯುರೋಪಿನ ಭಾಷೆಗಳ ಸಾಮಗ್ರಿಯ ಮೇಲೆ ನಡೆದಿರುವುದರಿಂದ, ರೂಪದಲ್ಲಿಯೇ ಈ ಭೇದವನ್ನು ತೋರಿಸುವ ಕನ್ನಡದಂಥ ಭಾಷೆಯ ಸಾಕ್ಷ್ಯ ಅದರೊಳಗೆ ಸೇರಬೇಕಾದುದು ಅಗತ್ಯ.

೩. ಮೋಟೆಬೆನ್ನೂರು ಸೀಮೆಯ ನಾಲ್ಕು ಷರತ್ತುಗಳು

ಈ ಭಾಗದ ಮಾತಿನಲ್ಲಿ ಮಳೆಯನ್ನು ಕುರಿತ ಷರತ್ತನ್ನು ನಾಲ್ಕು ಬಗೆಯಲ್ಲಿ ಹೇಳಬಹುದು.

(೫) ಕ. ಮಳಿ ಬಂದ್ರ ಕಾಯಿ ಹಾಳಾಗ್ತಾವ.
     ಖ. ಮಳಿ ಬಂತಂದ್ರ ಕಾಯಿ ಹಾಳಾಗ್ತಾವ.
(೬) ಕ. ಮಳಿ ಬರೂದಿದ್ರ ಈಗ ಕಾಯಿ ಮುಚ್ರಿ.
     ಖ. ಮಳಿ ಬರ್ತದಂದ್ರ ಈಗ ಕಾಯಿ ಮುಚ್ರಿ.

ಬರೆಹದ ಕನ್ನಡದಲ್ಲಿ ಇವು ಕ್ರಮವಾಗಿ ‘ಬಂದರೆ’, ‘ಬಂತೆಂದರೆ’, ‘ಬರುವುದಿದ್ದರೆ’, ‘ಬರುತ್ತದೆಂದರೆ’. (೬ಕ)ದ ಸ್ಥಾನದಲ್ಲಿ ‘ಬರೂದಾದ್ರ’, ಅಂದರೆ ‘ಬರುವುದಾದರೆ’, ಕೂಡ ಬರಬಹುದು. ‘ಇದ್ದರೆ’ ಎಂಬುದು ಸಂಭವದ ಅಥವಾ ಯೋಜನೆಯ ಕಡೆಗೂ, ‘ಆದರೆ’ ಎಂಬುದು ಒಪ್ಪಂದದ ಕಡೆಗೂ ವಾಲುತ್ತವೆ. ನಮ್ಮ ಚರ್ಚೆಗೆ ಆ ಸೂಕ್ಷ್ಮ ಭೇದ ಮುಖ್ಯವಲ್ಲ.

ಈ ನಾಲ್ಕು ರೂಪಗಳನ್ನು ಎರಡು ಆಯಾಮಗಳಲ್ಲಿ ವಿಂಗಡಿಸಬಹುದು. ಒಂದು, ಷರತ್ತಿನ ಸೂಚಕ ಯಾವುದು ಎಂಬುದು: ಕ-ಸಾಲಿನಲ್ಲಿ ‘-ಅರೆ’ ಪ್ರತ್ಯಯ ಪಡೆದ ಕೃದಂತ ಅಥವಾ ಕೃದಂತನಾಮದ ರಚನೆ, ಖ-ಸಾಲಿನಲ್ಲಿ ಪೂರ್ಣಕ್ರಿಯಾಪದದ ಮುಂದೆ ‘ಅಂದ್ರ’. ಇನ್ನೊಂದು, ಒಳಗಿನ ಕ್ರಿಯೆಯ ಕಾಲರೂಪ: (೫)ರ ಎರಡರಲ್ಲೂ ಭೂತ, (೬)ರ ಎರಡರಲ್ಲೂ ಭೂತೇತರ. ಅರ್ಥವು ಯಾವ ಆಯಾಮವನ್ನು ಅನುಸರಿಸುತ್ತದೆ? (೫ಕ) ಮತ್ತು (೫ಖ)ಗಳಲ್ಲಿ ಮಳೆ ಬೀಳುವುದನ್ನು ಊಹಿಸಿಕೊಂಡು ಅದರಿಂದ ಮುಂದೇನಾಗುವುದೆಂದು ಹೇಳಲಾಗಿದೆ. (೬ಕ) ಮತ್ತು (೬ಖ)ಗಳಲ್ಲಿ ಮಳೆ ಇನ್ನೂ ಬಿದ್ದಿಲ್ಲ. ಬರುವ ಲಕ್ಷಣ ಈಗ ಇದೆಯೇ ಎಂಬುದು ಷರತ್ತು. ಸೂಚಕ ಬದಲಾದರೂ ಅರ್ಥ ಬದಲಾಗುವುದಿಲ್ಲ. ಕಾಲರೂಪ ಬದಲಾದರೆ ಬದಲಾಗುತ್ತದೆ. ರೂಪಗಳನ್ನು ಅದಲುಬದಲು ಮಾಡಿದರೆ ಇದು ಸ್ಪಷ್ಟವಾಗುತ್ತದೆ.

(೭) # ಮಳಿ ಬಂದ್ರ ಈಗ ಕಾಯಿ ಮುಚ್ರಿ.

ಮೋಡ ಕವಿದಿದೆ, ಹನಿ ಇನ್ನೂ ಬಿದ್ದಿಲ್ಲ ಎಂಬ ಸಂದರ್ಭದಲ್ಲಿ (೭) ಹೊಂದುವುದಿಲ್ಲ. ‘ಈಗ’ ಎಂಬುದನ್ನು ತೆಗೆದರೆ ವಾಕ್ಯ ಸರಿಯಾಗುತ್ತದೆ, ಆದರೆ ಆಗ ಅದು ಮಳೆ ಬಿದ್ದ ಮೇಲೆ ಮುಚ್ಚಿರೆಂದು ಹೇಳಿದಂತಾಗುತ್ತದೆ. ಕಣದಲ್ಲಿ ಕಾಯಿ ಹರವಿದವನಿಗೆ ಈ ಎರಡರ ನಡುವಿನ ವ್ಯತ್ಯಾಸ ಒಂದು ಬೆಳೆಯಷ್ಟು ದೊಡ್ಡದು.

ನಿಷೇಧರೂಪಗಳಲ್ಲಿ ಇದೇ ವಿಭಾಗ ಇನ್ನೂ ಎದ್ದುಕಾಣುತ್ತದೆ.

(೮) ನಾಳಿ ಆಂವ ಬರಲಿಲ್ಲಂದ್ರ ನಾವ ಹೋಗೂಣು.
(೯) ಆಂವ ಬರೂದಿಲ್ಲಂದ್ರ ನಾವ ಈಗ ಹೋಗೂಣು.

(೮)ರಲ್ಲಿ ‘ನಾಳಿ’ ಎಂಬ ಮಾತಿನ ಜೊತೆಗೆ ‘ಬರಲಿಲ್ಲ’ ಎಂಬ ಪೂರ್ಣ ಭೂತರೂಪವಿದೆ. ಹೊರಗಿನವರಿಗೆ ಇದು ವಿರೋಧಾಭಾಸವೆನಿಸಬಹುದು. ಈ ಸೀಮೆಯ ಮಾತುಗಾರರಿಗೆ ಅಲ್ಲ. ನಾಳೆ ಅವನು ಬರದೇ ಹೋದುದನ್ನು ಆಗಿಹೋದ ಸಂಗತಿಯೆಂದು ಭಾವಿಸಿ ಮುಂದಿನ ಕೆಲಸವನ್ನು ಹೇಳಲಾಗಿದೆ. (೯)ರಲ್ಲಿ ಅವನು ಬರುವವನಲ್ಲ ಎಂಬುದು ಈಗಲೇ ತೀರ್ಮಾನವಾಗಿದ್ದರೆ ಎಂಬುದು ಷರತ್ತು. ಸೂಚಕ ಎರಡರಲ್ಲೂ ‘ಅಂದ್ರ’; ಕಾಲರೂಪವಷ್ಟೇ ಬೇರೆ.

ಈ ಭೇದ ಆಡುಮಾತಿನಲ್ಲಿ ಇತ್ತೀಚೆಗೆ ಹುಟ್ಟಿಕೊಂಡದ್ದಲ್ಲ. ಇಂದಿನ ‘-ಅರೆ’ ಹಳಗನ್ನಡದ ‘-ಒಡೆ’ಯಿಂದ, ವಚನಗಳಲ್ಲಿ ಹೇರಳವಾಗಿ ಕಾಣುವ ‘-ಅಡೆ’ಯ ಮೂಲಕ ಬಂದದ್ದು. ಹಳಗನ್ನಡದಲ್ಲಿ ‘ಬಂದೊಡೆ’ ಎಂಬ ಭೂತರೂಪದ ಜೊತೆಗೆ ‘ಪೇಳ್ವೊಡೆ’, ‘ಅಪ್ಪೊಡೆ’ ಎಂಬ ಭವಿಷ್ಯದ್ರೂಪಗಳೂ ಇದ್ದವು. ಒಂದೇ ಪ್ರತ್ಯಯ ಎರಡು ಬಗೆಯ ಕೃದಂತಕ್ಕೂ ನೇರವಾಗಿ ಹತ್ತುತ್ತಿತ್ತು. ಹೊಸಗನ್ನಡದಲ್ಲಿ ಎರಡನೆಯ ಬಗೆ ನೇರರೂಪದಲ್ಲಿ ಉಳಿಯಲಿಲ್ಲ. ಅದರ ಸ್ಥಾನದಲ್ಲಿ ‘ಹೇಳುವುದಾದರೆ’, ‘ಆಗುವುದಾದರೆ’ ಎಂಬ ಬಿಡಿಸಿದ ರಚನೆ ಬಂದಿತು. ರೂಪ ಬದಲಾಯಿತು, ಭೇದ ಉಳಿಯಿತು. ಇಂದು ‘-ಅರೆ’ ಭೂತಧಾತುವಿಗೆ ಮಾತ್ರ ಹತ್ತುತ್ತದೆ ಎಂಬುದನ್ನು ಕಿಟ್ಟೆಲ್ (೧೯೦೩), ಸ್ಕಿಫ್‌ಮನ್ (೧೯೮೩), ಶ್ರೀಧರ್ (೧೯೯೦) ಮೊದಲಾದವರ ವ್ಯಾಕರಣಗಳಿಂದ ತಿಳಿಯಬಹುದು. ‘ಬರುವುದಿದ್ದರೆ’ ಎಂಬಲ್ಲಿಯೂ ಪ್ರತ್ಯಯ ಹತ್ತಿರುವುದು ‘ಇದ್ದ’ ಎಂಬ ರೂಪಕ್ಕೆ. ಭವಿಷ್ಯತ್ತು ಅದರೊಳಗಿನ ನಾಮದಲ್ಲಿ ಅಡಗಿದೆ.

೪. ಮಾತೃಭಾಷಾ ಪ್ರಭಾವದ ವಾದ

ಈ ಸಾಮಗ್ರಿಯನ್ನು ಮುಂದಿಟ್ಟುಕೊಂಡು ತರಗತಿಯ ವಿವರಣೆಗೆ ಮರಳೋಣ. ಲ್ಯಾಡೊ (೧೯೫೭) ಅವರ ವ್ಯತಿರೇಕಿ ವಿಶ್ಲೇಷಣೆಯ ತಳಹದಿ ಇದು: ಕಲಿಕಾರ್ಥಿಯು ತನ್ನ ಭಾಷೆಯ ರೂಪವನ್ನೂ ಅರ್ಥವನ್ನೂ ಕಲಿಯುವ ಭಾಷೆಗೆ ಸಾಗಿಸುತ್ತಾನೆ. ಈ ತತ್ತ್ವವನ್ನು ಒಪ್ಪಿಕೊಂಡರೂ ಅದರಿಂದ (೨) ಹುಟ್ಟುವುದಿಲ್ಲ. ‘ಮಳಿ ಬಂದ್ರ’ ಅಥವಾ ‘ಮಳಿ ಬಂತಂದ್ರ’ ಎಂಬುದನ್ನು ರೂಪಕ್ಕೆ ರೂಪವಾಗಿ ಸಾಗಿಸಿದರೆ ದೊರೆಯಬೇಕಾದುದು (೧೦), (೨) ಅಲ್ಲ.

(೧೦) ಇಫ್ ಇಟ್ ರೇನ್ಡ್ ಟುಮಾರೋ, ದ ಚಿಲ್ಲೀಸ್ ವಿಲ್ ಬಿ ಸ್ಪಾಯ್ಲ್ಡ್.

ಕನ್ನಡವೇ ಕಾರಣವಾಗಿದ್ದರೆ ನಮ್ಮ ವಿದ್ಯಾರ್ಥಿಗಳ ಬರೆಹದಲ್ಲಿ ನಾವು ತಿದ್ದಬೇಕಾದುದು (೧೦)ರ ಬಗೆಯ ವಾಕ್ಯಗಳನ್ನು. ದೂರು ಇರುವುದು (೨)ರ ಮೇಲೆ. ಪ್ರಭಾವದ ವಾದವು ತಾನು ಮುನ್ಸೂಚಿಸಿದ ದೋಷವನ್ನು ಬಿಟ್ಟು, ಮುನ್ಸೂಚಿಸದ ದೋಷಕ್ಕೆ ಕಾರಣ ಹೇಳುತ್ತಿದೆ.

ಇನ್ನೊಂದು ಹೆಜ್ಜೆ ಮುಂದೆ ಹೋಗಬಹುದು. ಕನ್ನಡದಲ್ಲಿ ಭೂತೇತರ ರೂಪ ಷರತ್ತಿನೊಳಗೆ ಬರುವುದು (೬) ಮತ್ತು (೯)ರಂಥ ಸಂದರ್ಭಗಳಲ್ಲಿ. ಆ ಸಂದರ್ಭಗಳಲ್ಲಿಯೇ ಇಂಗ್ಲಿಷ್ ಕೂಡ ‘ವಿಲ್’ ಅಥವಾ ‘ಗೋಯಿಂಗ್ ಟು’ಗೆ ಅವಕಾಶ ಕೊಡುತ್ತದೆ. (೪)ನ್ನು ಈ ಸೀಮೆಯ ಮಾತಿಗೆ ತಂದರೆ ಅದು ‘ಬೆಳಿ ಉಳಿತದಂದ್ರ ಈಗ ಮುಚ್ಚೂಣು’ ಎಂದಾಗುತ್ತದೆ. ‘ಬೆಳಿ ಉಳಿದ್ರ ಈಗ ಮುಚ್ಚೂಣು’ ಎಂದಾಗದು. ಹೀಗಾಗಿ ಕನ್ನಡದ ವಿವೇಕವನ್ನು ನಿಷ್ಠೆಯಿಂದ ಸಾಗಿಸಿದ ಕಲಿಕಾರ್ಥಿ (೨)ನ್ನು ಬರೆಯುವುದಿಲ್ಲ, (೪)ನ್ನು ಬರೆಯಬಹುದು. ಅವನು (೪)ನ್ನು ಬರೆದಾಗ ಕೆಂಪುಗೆರೆ ಎಳೆಯುವ ನಿಯಮವು ಸರಿಯಾದ ಇಂಗ್ಲಿಷನ್ನೂ ಸರಿಯಾದ ಅಂತಃಪ್ರಜ್ಞೆಯನ್ನೂ ಒಟ್ಟಿಗೆ ಅಳಿಸುತ್ತದೆ.

ಪ್ರಭಾವದ ವಾದ ಎಲ್ಲ ಭಾಷೆಗಳ ವಿಷಯದಲ್ಲೂ ನಿರಾಧಾರವೆಂದು ನಾವು ಹೇಳುತ್ತಿಲ್ಲ. ಹಿಂದಿಯಲ್ಲಿ ‘ಅಗರ್ ಬಾರಿಶ್ ಹೋಗೀ ತೋ’ ಎಂದು ಷರತ್ತಿನ ಉಪವಾಕ್ಯದಲ್ಲಿಯೇ ಭವಿಷ್ಯದ್ರೂಪ ಬರುತ್ತದೆ. ಅಲ್ಲಿ ಪ್ರಭಾವದ ಊಹೆ ಪರಿಶೀಲನೆಗೆ ಅರ್ಹ. ಇಟಾಲಿಯನ್ ಕೂಡ ‘ಸೆ’ ನಂತರ ಭವಿಷ್ಯತ್ತನ್ನು ಒಪ್ಪುತ್ತದೆ. ಫ್ರೆಂಚ್ ಸಾಮಾನ್ಯವಾಗಿ ಒಪ್ಪದೆ ವರ್ತಮಾನವನ್ನು ಬಳಸುತ್ತದೆ. ಆದರೆ ನಮ್ಮ ನೆರೆಯ ಮರಾಠಿಯ ‘ಪಾವೂಸ್ ಆಲಾ ತರ್’ ಎಂಬುದರಲ್ಲಿ ಭೂತರೂಪವಿದೆ. ತಮಿಳಿನ ‘ವಂದಾಲ್’ ಎಂಬುದರಲ್ಲಿಯೂ ಭೂತಧಾತುವಿದೆ. ‘ಭಾರತೀಯ ಭಾಷೆಗಳ ಪ್ರಭಾವ’ ಎಂದು ಒಟ್ಟಾಗಿ ಹೇಳಿದಾಗ ಹಿಂದಿಯ ಲಕ್ಷಣವನ್ನು ಕನ್ನಡಕ್ಕೆ ಆರೋಪಿಸಿದಂತಾಗುತ್ತದೆ.

ಹಾಗಾದರೆ (೨) ಎಲ್ಲಿಂದ ಬಂತು? ಕಾರ್ಡರ್ (೧೯೬೭) ತೋರಿಸಿಕೊಟ್ಟಂತೆ ಕಲಿಕಾರ್ಥಿಯ ದೋಷವು ಆತ ಕಟ್ಟಿಕೊಳ್ಳುತ್ತಿರುವ ವ್ಯವಸ್ಥೆಯ ಸಾಕ್ಷಿ. ಆ ವ್ಯವಸ್ಥೆಯ ಮೂಲವನ್ನು ನಾವು ಕಾಲಗಳ ಕೋಷ್ಟಕದಲ್ಲಿ ಹುಡುಕಬೇಕೆಂದು ಸೂಚಿಸುತ್ತೇವೆ. ಭೂತ, ವರ್ತಮಾನ, ಭವಿಷ್ಯತ್ ಎಂಬ ಮೂರು ಅಂಕಣಗಳನ್ನು ಎಳೆದು, ಮೂರನೆಯದರಲ್ಲಿ ‘ವಿಲ್’ ಬರೆದು, ನಾಳಿನ ಸಂಗತಿಗೆಲ್ಲ ಅದನ್ನು ಬಳಸಿರೆಂದು ಕಲಿಸಿದ ಮೇಲೆ, ನಾಳೆಯ ಮಳೆಗೆ ‘ವಿಲ್’ ಬಳಸಿದ ವಿದ್ಯಾರ್ಥಿ ಕಲಿಸಿದ್ದನ್ನೇ ಪಾಲಿಸಿದ್ದಾನೆ. ಅದು ಇಂಗ್ಲಿಷ್ ಪಾಠದೊಳಗಿನ ಅತಿಸಾಮಾನ್ಯೀಕರಣ. ಪಾಮರ್ ಅವರೂ, ಹಡಲ್‌ಸ್ಟನ್ ಮತ್ತು ಪುಲಮ್ (೨೦೦೨) ಅವರೂ ಇಂಗ್ಲಿಷಿಗೆ ಭವಿಷ್ಯತ್ ಕಾಲವೆಂಬುದೇ ಇಲ್ಲ, ‘ವಿಲ್’ ಒಂದು ಅಭಿವೃತ್ತಿಸೂಚಕ ಸಹಾಯಕ ಕ್ರಿಯಾಪದ ಎಂದು ವಾದಿಸಿದ್ದಾರೆ. ಆ ನಿಲುವನ್ನು ಒಪ್ಪಿದರೆ (೧)ರಲ್ಲಿ ‘ಭವಿಷ್ಯತ್ತಿನ ಬದಲಿಗೆ ವರ್ತಮಾನ’ ಬಂದಿದೆ ಎನ್ನುವುದೇ ತಪ್ಪು ವರ್ಣನೆ. ಬದಲಿಯಾಗಿ ಬರಲು ಅಲ್ಲಿ ಮೊದಲು ಬೇರೆ ಏನೂ ಇರಲಿಲ್ಲ. ಕನ್ನಡಕ್ಕೂ ಭೂತ ಮತ್ತು ಭೂತೇತರ ಎಂಬ ಎರಡೇ ಕಾಲರೂಪಗಳು ಮೂಲಭೂತ ಎಂದು ಡಿ.ಎನ್. ಶಂಕರ ಭಟ್ಟರು ಪ್ರತಿಪಾದಿಸಿದ್ದಾರೆ. ಸಂಸ್ಕೃತ ಮಾದರಿಯ ತ್ರಿಕಾಲ ಕೋಷ್ಟಕ ಕನ್ನಡ ತರಗತಿಯಲ್ಲಿ, ಅದರ ಪ್ರತಿರೂಪ ಇಂಗ್ಲಿಷ್ ತರಗತಿಯಲ್ಲಿ. ವಿದ್ಯಾರ್ಥಿಯ ತೊಡಕು ಈ ಎರಡು ಕೋಷ್ಟಕಗಳ ಹೊಂದಾಣಿಕೆಯಿಂದ ಹುಟ್ಟಿದ್ದು, ಅವನ ಮನೆಮಾತಿನಿಂದಲ್ಲ.

೫. ಸಿದ್ಧಾಂತಗಳ ಪರಿಶೀಲನೆ

ಈಗ ‘ವಿಲ್’ ಕುರಿತ ಸೈದ್ಧಾಂತಿಕ ವಿವರಣೆಗಳನ್ನು ಕನ್ನಡದ ಒರೆಗಲ್ಲಿಗೆ ಹಚ್ಚೋಣ.

ಕಾಲಕ್ರಮದ ವಿವರಣೆಯ ಪ್ರಕಾರ ಫಲವಾಕ್ಯದ ಘಟನೆ ಷರತ್ತಿನ ಘಟನೆಗಿಂತ ಮೊದಲು ನಡೆಯುವಾಗ ‘ವಿಲ್’ ಬರುತ್ತದೆ. (೪)ರಲ್ಲಿ ಮುಚ್ಚುವುದು ಮೊದಲು, ಬೆಳೆ ಉಳಿಯುವುದು ಆಮೇಲೆ. (೬)ರಲ್ಲಿಯೂ ಮುಚ್ಚುವುದು ಮೊದಲು, ಮಳೆ ಆಮೇಲೆ. ಇಲ್ಲಿಯವರೆಗೆ ವಿವರಣೆ ಚೆನ್ನಾಗಿ ಹೊಂದುತ್ತದೆ. ಆದರೆ ಕ್ರಮ ತಿರುಗುಮುರುಗಾಗದ ಸಂದರ್ಭದಲ್ಲಿಯೂ ಕನ್ನಡದಲ್ಲಿ ಭೂತೇತರ ಸಾಧು.

(೧೧) ಕ. ನಾಳಿ ಆಳು ಬರೂದಿದ್ರ ನಾಡದ ಕಾಯಿ ಪ್ಯಾಟಿಗಿ ಒಯ್ಯೂಣು.
      ಖ. ನಾಳಿ ಆಳು ಬಂದ್ರ ನಾಡದ ಕಾಯಿ ಪ್ಯಾಟಿಗಿ ಒಯ್ಯೂಣು.

ಎರಡರಲ್ಲೂ ಆಳುಗಳು ಬರುವುದು ಮೊದಲು, ಕಾಯಿ ಒಯ್ಯುವುದು ನಂತರ. ಕಾಲಕ್ರಮ ಒಂದೇ ಆಗಿದ್ದೂ ಎರಡೂ ರೂಪಗಳು ಬರುತ್ತವೆ. ಅರ್ಥ ಮಾತ್ರ ಬೇರೆ. (೧೧ಖ) ನಾಳೆಯವರೆಗೆ ಕಾದು ನೋಡುವವನ ಮಾತು. (೧೧ಕ) ಆಳುಗಳು ಬರುವುದು ಗೊತ್ತಾಗಿದ್ದರೆ ಈಗಲೇ ಗಾಡಿ ಗೊತ್ತುಮಾಡುವವನ ಮಾತು. ಆದ್ದರಿಂದ ಕಾಲಕ್ರಮವು ಕಾರಣವಲ್ಲ, ಸಹಚಾರಿ. ಫಲವಾಕ್ಯದ ಕೆಲಸ ಮೊದಲೇ ನಡೆಯಬೇಕಾದಾಗ ಷರತ್ತು ಆಗಿಹೋದ ಘಟನೆಯನ್ನು ಆಧರಿಸಲಾರದು, ಈಗಿನ ಲಕ್ಷಣವನ್ನೇ ಆಧರಿಸಬೇಕು. ಹಾಗಾಗಿ ಅಲ್ಲಿ ಭೂತೇತರ ಕಡ್ಡಾಯವಾಗುತ್ತದೆ. ಉಳಿದೆಡೆ ಅದು ಮಾತುಗಾರನ ಆಯ್ಕೆ.

ವಾಕ್ಯರಚನೆಯ ವಿವರಣೆಯು ‘ವಿಲ್’ ಇರುವ ಉಪವಾಕ್ಯವನ್ನು ಮುಖ್ಯವಾಕ್ಯದ ಅಂಚಿನಲ್ಲಿ ಸೇರಿದ ಘಟಕವೆಂದೂ, ‘ವಿಲ್’ ಇಲ್ಲದ್ದನ್ನು ಒಳಗೆ ಸೇರಿದ ಘಟಕವೆಂದೂ ಕಾಣುತ್ತದೆ. ಅಂಚಿನ ಘಟಕವು ಮುಖ್ಯವಾಕ್ಯದ ಪ್ರಶ್ನೆಗೂ ಅವಧಾರಣೆಗೂ ಒಳಪಡದು ಎಂಬುದು ಈ ನಿಲುವಿನಿಂದ ಸಹಜವಾಗಿ ಒದಗುವ ನಿರೀಕ್ಷೆ. ‘ಮಾತ್ರ’ ಎಂಬರ್ಥದ ‘ಅಷ್ಟ’ವನ್ನೂ ಪ್ರಶ್ನಪದವನ್ನೂ ಸೇರಿಸಿ ನೋಡೋಣ.

(೧೨) ಮಳಿ ಬರೂದಿದ್ರ ಅಷ್ಟ ಕಾಯಿ ಮುಚ್ರಿ.
(೧೩) ಎಷ್ಟ ಮಂದಿ ಬರೂದಿದ್ರ ಎರಡನೇ ಗಾಡಿ ಬೇಕು?

ಎರಡೂ ಸಹಜ ವಾಕ್ಯಗಳು. ಭೂತೇತರ ಷರತ್ತು ಅವಧಾರಣೆಗೂ ಪ್ರಶ್ನೆಗೂ ಒಳಪಡುತ್ತದೆ. ಅದು ಅಂಚಿನಲ್ಲಿ ನಿಂತಿಲ್ಲ. ಇಂಗ್ಲಿಷಿನಲ್ಲಿಯೂ ‘ಓನ್ಲಿ ಇಫ್ ಇಟ್ ವಿಲ್ ಹೆಲ್ಪ್’ ಎಂಬುದು ಸಾಧುವಾಗಿರುವುದನ್ನು ಇದರೊಂದಿಗೆ ಇಟ್ಟು ನೋಡಬೇಕು. ಇದಕ್ಕಿಂತ ಬಲವಾದ ಸಾಕ್ಷ್ಯ (೫ಖ) ಮತ್ತು (೬ಖ)ಗಳದ್ದು. ‘ಬಂತಂದ್ರ’, ‘ಬರ್ತದಂದ್ರ’ ಎರಡರಲ್ಲೂ ಪೂರ್ಣಕ್ರಿಯಾಪದವಿದೆ, ಸೂಚಕ ಒಂದೇ, ಜೋಡಣೆಯ ಬಗೆ ಒಂದೇ. ರಚನೆಯೇ ಅರ್ಥಭೇದಕ್ಕೆ ಕಾರಣವಾಗಿದ್ದರೆ ಇವೆರಡೂ ಒಂದೇ ಗುಂಪಿಗೆ ಸೇರಬೇಕಾಗಿತ್ತು. ಬದಲಿಗೆ ‘ಬಂತಂದ್ರ’ವು ‘ಬಂದ್ರ’ದ ಜೊತೆಗೂ, ‘ಬರ್ತದಂದ್ರ’ವು ‘ಬರೂದಿದ್ರ’ದ ಜೊತೆಗೂ ನಿಲ್ಲುತ್ತವ.

ಇಲ್ಲಿ ಒಂದು ಆಕ್ಷೇಪಕ್ಕೆ ಉತ್ತರ ಹೇಳಬೇಕು. ‘ಅಂದ್ರ’ ಎಂಬುದು ‘ಎನ್ನು’ ಧಾತುವಿನ ಷರತ್ತಿನ ರೂಪ; ‘ಬರ್ತದಂದ್ರ’ ಎಂಬುದು ಮತ್ತೊಬ್ಬರ ಮಾತಿನ ಪ್ರತಿಧ್ವನಿಯಾಗಿರಬಹುದಲ್ಲವೇ, ಅದಕ್ಕೇ ಭವಿಷ್ಯದ್ರೂಪ ಹಾಗೆಯೇ ಉಳಿದಿರಬಹುದಲ್ಲವೇ? ಹವಾಮಾನದ ಸುದ್ದಿ ಕೇಳಿ ಆಡಿದಾಗ ಆ ಛಾಯೆ ಇರಬಹುದು. ಆದರೆ (೮)ರ ‘ಬರಲಿಲ್ಲಂದ್ರ’ದಲ್ಲಿ ಯಾರ ಮಾತೂ ಪ್ರತಿಧ್ವನಿಸುತ್ತಿಲ್ಲ, ನಾಳೆ ನಡೆಯದೇ ಹೋಗಬಹುದಾದುದನ್ನು ಇಂದು ‘ಬರಲಿಲ್ಲ’ ಎಂದು ಹೇಳಿದವರು ಯಾರೂ ಇರಲಾರರು. ಈ ಸೀಮೆಯ ಮಾತಿನಲ್ಲಿ ‘ಅಂದ್ರ’ ಆಡುವ ಅರ್ಥವನ್ನು ಬಿಟ್ಟು ಷರತ್ತಿನ ಸೂಚಕವಾಗಿ ನೆಲೆನಿಂತಿದೆ ಎಂಬುದಕ್ಕೆ ಇದೇ ನಿದರ್ಶನ.

ಉಳಿಯುವುದು ಕ್ಲೋಸ್ ಅವರು ಸೂಚಿಸಿದ ದಾರಿ. ಭವಿಷ್ಯತ್ತಿನ ಘಟನೆಯನ್ನು ಊಹಿಸಿಕೊಳ್ಳುವುದು ಬೇರೆ, ಆ ಘಟನೆಯ ನಿರೀಕ್ಷೆಗೆ ಈಗ ಆಧಾರವಿದೆಯೇ ಎಂಬುದನ್ನು ಊಹಿಸಿಕೊಳ್ಳುವುದು ಬೇರೆ. ಇಂಗ್ಲಿಷಿನಲ್ಲಿ ಈ ಎರಡನೆಯದನ್ನು ವಿವರಿಸಲು ವ್ಯಾಖ್ಯಾನಕಾರರು ವಾಕ್ಯವನ್ನು ಬಿಡಿಸಿ, ‘ಹೀಗಾಗುವುದೆಂಬುದು ನಿಜವಾಗಿದ್ದರೆ’ ಎಂದು ಒಂದು ಹೊದಿಕೆಯನ್ನು ಸೇರಿಸಬೇಕಾಗುತ್ತದೆ. ಕನ್ನಡದ ‘ಬರುವುದಿದ್ದರೆ’ಯಲ್ಲಿ ಆ ಹೊದಿಕೆ ಕಣ್ಣಿಗೆ ಕಾಣುವ ರೂಪದಲ್ಲಿಯೇ ಇದೆ: ಬರುವುದು, ಇದ್ದರೆ. ಒಂದು ಭಾಷೆಯಲ್ಲಿ ಅರ್ಥವಿವರಣೆಯಾಗಿ ಊಹಿಸಬೇಕಾದುದನ್ನು ಇನ್ನೊಂದು ಭಾಷೆ ರೂಪವಾಗಿ ಕೊಟ್ಟಾಗ ಆ ವಿವರಣೆಗೆ ಸ್ವತಂತ್ರ ಬೆಂಬಲ ದೊರೆತಂತಾಗುತ್ತದೆ.

ಆದರೆ ಕನ್ನಡ ಮತ್ತು ಇಂಗ್ಲಿಷ್ ರೂಪಗಳು ಒಂದಕ್ಕೊಂದು ಸರಿಸಮವಾಗಿ ಹೊಂದುತ್ತವೆಂದು ತಿಳಿಯಬಾರದು. ‘ಬರೂದಿದ್ರ’ ಎಂಬಲ್ಲೆಲ್ಲ ಇಂಗ್ಲಿಷಿನಲ್ಲಿ ‘ವಿಲ್’ ಬರುವುದಿಲ್ಲ. ಮಳೆಯ ಸಂದರ್ಭದಲ್ಲಿ ‘ಇಫ್ ಇಟ್ ಈಸ್ ಗೋಯಿಂಗ್ ಟು ರೇನ್’, ಗೊತ್ತುಪಡಿಸಿದ ಪ್ರಯಾಣದ ಸಂದರ್ಭದಲ್ಲಿ ‘ಇಫ್ ಹಿ ಈಸ್ ಕಮಿಂಗ್’ ಹೆಚ್ಚು ಸಹಜ. ‘ಬಂದ್ರ’ದಲ್ಲಿನ ಭೂತರೂಪವನ್ನು ಎಲ್ಲೆಡೆ ಪೂರ್ವಕಾಲದ ಸೂಚಕವೆಂದೂ ಹೇಳಲಾಗದು, ‘ಗೊತ್ತಿದ್ರ ಹೇಳ್ರಿ’ ಎಂಬಲ್ಲಿ ಗೊತ್ತಿರುವುದು ಈಗಿನ ಸ್ಥಿತಿ. ಸ್ಥಿತಿವಾಚಕಗಳಲ್ಲಿ ‘ಇದ್ದ’ ರೂಪ ವರ್ತಮಾನಕ್ಕೂ ಸಲ್ಲುವುದನ್ನು ‘ಇದ್ದಾನೆ’ ಎಂಬ ಪದವೇ ತೋರಿಸುತ್ತದೆ. ನಮ್ಮ ಪ್ರತಿಪಾದನೆ ಘಟನಾವಾಚಕ ಕ್ರಿಯಾಪದಗಳಿಗೆ ಸೀಮಿತ. ಅದರ ತಿರುಳು ಇಷ್ಟು: ಇಂಗ್ಲಿಷಿನಲ್ಲಿ ‘ವಿಲ್’ರಹಿತ ಮತ್ತು ‘ವಿಲ್’ಸಹಿತ ರೂಪಗಳ ನಡುವೆ ಇರುವ ಸಂಬಂಧವೇ ಕನ್ನಡದಲ್ಲಿ ಭೂತ ಮತ್ತು ಭೂತೇತರಗಳ ನಡುವೆ ಇದೆ. ಎರಡೂ ಭಾಷೆಗಳು ಘಟನೆಯನ್ನು ಊಹಿಸಿಕೊಳ್ಳುವಾಗ ಭವಿಷ್ಯತ್ತಿನಿಂದ ಒಂದು ಹೆಜ್ಜೆ ಹಿಂದೆ ಸರಿಯುತ್ತವೆ. ಇಂಗ್ಲಿಷ್ ವರ್ತಮಾನದಲ್ಲಿ ನಿಲ್ಲುತ್ತದೆ, ಕನ್ನಡ ಭೂತದವರೆಗೆ ಹೋಗುತ್ತದೆ.

೬. ಸಮಾಪನ

ಈ ವಿಮರ್ಶೆಯಿಂದ ಬೋಧನೆಗೆ ಒದಗುವ ಸೂಚನೆ ಸರಳವಾದದ್ದು. ‘ಇಫ್’ ವಾಕ್ಯವನ್ನು ಬರೆಯುವ ಮುನ್ನ ಅದನ್ನು ಮನೆಮಾತಿನಲ್ಲಿ ಹೇಳಿಸಬೇಕು. ‘ಬಂದ್ರ’, ‘ಬಂತಂದ್ರ’, ‘ಬರಲಿಲ್ಲಂದ್ರ’ ಎಂದು ಬಂದರೆ ಇಂಗ್ಲಿಷಿನಲ್ಲಿ ‘ವಿಲ್’ ಬೇಡ. ‘ಬರೂದಿದ್ರ’, ‘ಬರ್ತದಂದ್ರ’, ‘ಬರೂದಿಲ್ಲಂದ್ರ’ ಎಂದೇ ಹೇಳಬೇಕಾಗಿದ್ದರೆ ಅಲ್ಲಿ ‘ವಿಲ್’, ‘ಗೋಯಿಂಗ್ ಟು’ ಮೊದಲಾದ ರೂಪಗಳನ್ನು ಪರಿಗಣಿಸಬೇಕು. ಮೂರು ಅಂಕಣಗಳ ಕೋಷ್ಟಕ ಕೊಡಲಾರದ ವಿವೇಕವನ್ನು ವಿದ್ಯಾರ್ಥಿ ಶಾಲೆಗೆ ಬರುವಾಗಲೇ ತಂದಿರುತ್ತಾನೆ.

ಸಂಶೋಧನೆಯ ದೃಷ್ಟಿಯಿಂದ ಎರಡು ಕೆಲಸಗಳು ಮುಂದಿವೆ. ಕನ್ನಡದ ವ್ಯಾಕರಣಗಳಲ್ಲಿ ‘-ಅರೆ’, ‘-ವುದಾದರೆ’, ‘-ವುದಿದ್ದರೆ’, ‘ಎಂದರೆ’ಗಳನ್ನು ಬಿಡಿ ರೂಪಗಳಾಗಿ ಪಟ್ಟಿಮಾಡುವ ಬದಲು ಭೂತ ಮತ್ತು ಭೂತೇತರಗಳ ವಿರೋಧದಲ್ಲಿ ಇಟ್ಟು ವಿವರಿಸಬೇಕಾಗಿದೆ; ಪೂರ್ಣ ಭೂತರೂಪದ ಮುಂದೆ ಬರುವ ‘ಅಂದ್ರ’ದಂಥ ಉಪಭಾಷಾ ಸಾಮಗ್ರಿ ಇಲ್ಲದೆ ಆ ವಿವರಣೆ ಪೂರ್ಣವಾಗದು. ಹಳಗನ್ನಡದ ‘-ವೊಡೆ’ ಯಾವ ಹಂತದಲ್ಲಿ, ಯಾವ ಬಗೆಯ ವಾಕ್ಯಗಳಲ್ಲಿ ‘-ವುದಾದರೆ’ಗೆ ಎಡೆಮಾಡಿಕೊಟ್ಟಿತು ಎಂಬುದನ್ನು ಶಾಸನಗಳಿಂದ ವಚನಗಳವರೆಗೆ, ಅಲ್ಲಿಂದ ಮುಂದಕ್ಕೆ ಗುರುತಿಸುವುದು ಇನ್ನೊಂದು ಕೆಲಸ. ಅಲ್ಲಿಯವರೆಗೆ ಒಂದು ನಿಯಮವನ್ನಾದರೂ ಪಾಲಿಸಬಹುದು: ಕನ್ನಡದ ವಾಕ್ಯವನ್ನು ಬಿಡಿಸಿ ತೋರಿಸದ ಹೊರತು, ಇಂಗ್ಲಿಷಿನ ಯಾವ ದೋಷಕ್ಕೂ ಕನ್ನಡವನ್ನು ಕಾರಣವೆಂದು ಹೆಸರಿಸಬಾರದು.